ಕಬ್ಬಿನ ಟ್ರ್ಯಾಕ್ಟರ್ ರಸ್ತೆಗೆ ಇಳಿಯುವ ಮುನ್ನ



ಕಬ್ಬು ಕಡಿಯುವ ಕಾಲ ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಲೋಡಾದ ಟ್ರ್ಯಾಕ್ಟರ್‌ಗಳದೇ ಸಾಲು. ಓಡಿಸುವವರು ನಮ್ಮ ಮನೆಯವರೇ, ನಮ್ಮ ಮಕ್ಕಳೇ. "ಅದೆಲ್ಲ ಗಂಡಸರ ವಿಷಯ ಸಿಸ್ಟರ್" ಅಂತ ನೀವು ಸಂಘದ ಸಭೆಯಲ್ಲಿ ಹೇಳ್ತೀರಿ. ಆದರೆ ಅಪಘಾತವಾದರೆ ಆಸ್ಪತ್ರೆ ಬಾಗಿಲಲ್ಲಿ ಕೂರುವವರು ಯಾರು? ಸಾಲದ ಕಂತು ಕಟ್ಟುವವರು ಯಾರು? ಆದ್ದರಿಂದ ಈ ವಿಷಯ ನಮಗೂ ಗೊತ್ತಿರಲಿ.

ಅಪಾಯ ಎಲ್ಲಿದೆ?

ನಮ್ಮ ಕಡೆಯ ಬಹಳಷ್ಟು ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲ. ಅಷ್ಟೂ ಭಾರವನ್ನು ಟ್ರ್ಯಾಕ್ಟರೇ ತಡೆಯಬೇಕು. ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಲೋಡು ಮುಂದಕ್ಕೆ ತಳ್ಳುತ್ತದೆ, ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚಬಹುದು. ಎರಡು ಟ್ರೇಲರ್ ಕಟ್ಟಿದರೆ ಅಪಾಯ ಇನ್ನೂ ಹೆಚ್ಚು.

ಓಡಿಸುವವರಿಗೆ ಹೇಳಿ

• ಹೊರಡುವ ಮುನ್ನ ಕೊಕ್ಕೆಯ ಪಿನ್ನು, ಸರಪಳಿ, ಟೈರು ನೋಡಿಕೊಳ್ಳಲಿ.
• ರಸ್ತೆಯಲ್ಲಿ ಎಡ-ಬಲದ ಬ್ರೇಕ್ ಪೆಡಲ್‌ಗಳನ್ನು ಜೋಡಿಸಿರಬೇಕು. ಒಂದನ್ನೇ ತುಳಿದರೆ ಗಾಡಿ ಆ ಕಡೆಗೇ ಎಳೆಯುತ್ತದೆ.
• ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು. ಇಳಿಯುವ ಮೊದಲೇ ಕಡಿಮೆ ಗೇರಿಗೆ ಹಾಕಲಿ.
• ಪೇಟೆಯಲ್ಲಿ ಮುಂದಿನ ವಾಹನದಿಂದ ಸಾಕಷ್ಟು ದೂರ ಇರಲಿ. ತಿರುಗುವಾಗ ಟ್ರೇಲರ್ ಚಕ್ರ ಒಳಗಡೆಗೆ ಬರುತ್ತದೆ. ಆ ಬದಿಯಲ್ಲಿ ಬೈಕು, ಮಕ್ಕಳು ಇದ್ದಾರಾ ನೋಡಿಯೇ ತಿರುಗಿಸಲಿ.
• ಹಿಂದೆ ವಾಹನಗಳ ಸಾಲು ಬೆಳೆದರೆ, ಅಗಲವಾದ ಜಾಗದಲ್ಲಿ ಎಡಕ್ಕೆ ನಿಲ್ಲಿಸಿ ಅವರಿಗೆ ದಾರಿ ಬಿಡಲಿ.
• ಗಾಡಿ ಕೆಟ್ಟರೆ ರಸ್ತೆ ಮಧ್ಯೆ ಬಿಡಬಾರದು. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ತೆಗೆಯಲೇಬೇಕು. ಕತ್ತಲಲ್ಲಿ ಆ ಕಲ್ಲೇ ಇನ್ನೊಬ್ಬರ ಜೀವ ತೆಗೆಯುತ್ತದೆ.

ನಾವು ಮಾಡಬಹುದಾದದ್ದು

ರಾತ್ರಿ ಹೊತ್ತು ಲೈಟಿಲ್ಲದ ಟ್ರೇಲರ್ ಹಿಂದಿನಿಂದ ಬರುವ ಬೈಕಿನವರಿಗೆ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಹಿಂಭಾಗಕ್ಕೆ ಕೆಂಪು, ಬದಿಗೆ ಹಳದಿ ರೇಡಿಯಂ ಪಟ್ಟಿ ಅಂಟಿಸಿ. ನೇತಾಡುವ ಕಬ್ಬು ಅದನ್ನು ಮುಚ್ಚದಿರಲಿ. ಟ್ರೇಲರ್‌ಗೂ ನೋಂದಣಿ, ವಿಮೆ ಇದೆಯೇ ಎಂದು ಕಾಗದ ತೆಗೆದು ನೋಡಿ.

ಇನ್ನೊಂದು ಮಾತು. ಲೋಡಿನ ಮೇಲೆ, ಮಡ್‌ಗಾರ್ಡ್ ಮೇಲೆ, ಕೊಕ್ಕೆಯ ಹತ್ತಿರ ಯಾರೂ ಕೂರಬೇಡಿ. ಟ್ರೇಲರ್ ಇರುವುದು ಸಾಮಾನಿಗೆ, ಜನರಿಗಲ್ಲ. ಅದರಲ್ಲಿ ಹೋಗುವಾಗ ಏನಾದರೂ ಆದರೆ ವಿಮೆ ಹಣ ಸಿಗುವುದೂ ಕಷ್ಟ. ಕೆಲಸಕ್ಕೆ ಕರೆಯುವವರ ಹತ್ತಿರ ಬಸ್ಸಿನ ಚಾರ್ಜು ಕೇಳಿ. ಒಬ್ಬಳೇ ಕೇಳಿದರೆ ಕೊಡದಿರಬಹುದು, ಸಂಘವೇ ಕೇಳಿದರೆ ಇಲ್ಲ ಅನ್ನುವುದು ಸುಲಭವಲ್ಲ.

ಅಪಘಾತ ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ. ಮುಂದಿನ ವಾರದ ಸಭೆಯಲ್ಲಿ ಪ್ರತಿಯೊಬ್ಬರೂ ಹೇಳಬೇಕು: ನಮ್ಮ ಮನೆಯ ಟ್ರೇಲರ್‌ಗೆ ರೇಡಿಯಂ ಅಂಟಿಸಿದ್ದೇವೆಯೇ?