ಕಾರ್ಖಾನೆ ಸುರಕ್ಷತಾ ಇಲಾಖೆ: ಯಾರ ಅಧೀನ, ಯಾರ ಹಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಸಮೀಪಿಸುತ್ತಿದ್ದಂತೆ ಬಾಯ್ಲರ್ ಪ್ರದೀಪನ ಸಮಾರಂಭಗಳ ಆಮಂತ್ರಣ ಪತ್ರಿಕೆಗಳು ಗ್ರಾಮ ಪಂಚಾಯತಿ ಕಚೇರಿಗಳಿಗೂ ಬರುತ್ತವೆ. ಸಾನ್ನಿಧ್ಯ ವಹಿಸುವ ಪೂಜ್ಯರು, ಅಧ್ಯಕ್ಷರು, ಆಡಳಿತ ಮಂಡಳಿಯ ನಿರ್ದೇಶಕರು ಎಲ್ಲರ ಹೆಸರೂ ಅದರಲ್ಲಿರುತ್ತದೆ. ಬಾಯ್ಲರಿಗೆ ಬೆಂಕಿ ಹಾಕಲು ಕಾನೂನಿನ ಪ್ರಕಾರ ಬೇಕಾದ ಒಂದು ಕಾಗದದ ಪ್ರಸ್ತಾಪ ಮಾತ್ರ ಇರುವುದಿಲ್ಲ. ಅದು ಬಾಯ್ಲರಿನ ಪ್ರಮಾಣಪತ್ರ. ಬಾಯ್ಲರನ್ನು ಒಳಹೊರಗೆ ಪರಿಶೀಲಿಸಿ, ಇಷ್ಟು ಒತ್ತಡಕ್ಕೆ, ಇಷ್ಟು ಅವಧಿಯವರೆಗೆ ಇದನ್ನು ಬಳಸಬಹುದು ಎಂದು ಅಧಿಕಾರವುಳ್ಳವರು ಬರೆದುಕೊಡುವ ಪತ್ರವದು. ಅದಿಲ್ಲದೆ ಹೊತ್ತಿಸಿದ ಬಾಯ್ಲರು ಪೂಜೆಯಾಗಿದ್ದರೂ ಅಕ್ರಮವೇ.

ಆ ಪತ್ರವನ್ನು ಕೊಡುವ ವ್ಯವಸ್ಥೆಗೆ ಹೊಣೆಯಾಗಿರುವುದು ರಾಜ್ಯ ಸರ್ಕಾರದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಹೆಸರು ಉದ್ದವಾಗಿರುವುದರಿಂದಲೋ ಏನೋ, ಈ ಭಾಗದ ಜನರು ಅದನ್ನು ಕಾರ್ಮಿಕ ಇಲಾಖೆಯೆಂದು, ಮಾಲಿನ್ಯ ನಿಯಂತ್ರಣ ಮಂಡಳಿಯೆಂದು, ಕೆಲವೊಮ್ಮೆ ಇಎಸ್‌ಐ ಕಚೇರಿಯೆಂದು ತಿಳಿಯುವುದುಂಟು. ಏನೂ ಸಂಭವಿಸದಿರುವಾಗ ಈ ತಪ್ಪುತಿಳಿವಳಿಕೆಯಿಂದ ಯಾರಿಗೂ ನಷ್ಟವಿಲ್ಲ. ಅವಘಡದಲ್ಲಿ ಕೈ ಕಳೆದುಕೊಂಡವನ ಮನೆಯವರು ಅರ್ಜಿ ಹಿಡಿದು ತಪ್ಪು ಬಾಗಿಲು ತಟ್ಟುತ್ತ ತಿಂಗಳುಗಳನ್ನು ಕಳೆದಾಗ ಅದರ ಬೆಲೆ ಗೊತ್ತಾಗುತ್ತದೆ. ಆದ್ದರಿಂದ ಈ ಇಲಾಖೆ ಹೇಗೆ ರಚಿತವಾಗಿದೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಯಾವ ಹಣ ಅದರದ್ದಲ್ಲ ಎಂಬುದನ್ನು ಪಂಚಾಯತಿ ಸದಸ್ಯರೂ ಅಭಿವೃದ್ಧಿ ಅಧಿಕಾರಿಗಳೂ ಅರಿತಿರುವುದು ಅಗತ್ಯ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆಗಳ ಕಾಯ್ದೆಯು 1949ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆಗ ಈ ಐದೂ ತಾಲ್ಲೂಕುಗಳ ಪ್ರದೇಶ ಮುಂಬಯಿ ಆಡಳಿತಕ್ಕೆ ಸಂಬಂಧಿಸಿತ್ತು. ಉಗಾರದ ಸಕ್ಕರೆ ಕಾರ್ಖಾನೆಯಂಥ ಹಳೆಯ ಉದ್ಯಮಗಳಿಗೆ ಆಗ ಬರುತ್ತಿದ್ದ ನಿರೀಕ್ಷಕರು ಮುಂಬಯಿ ಸರ್ಕಾರದವರು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಡತಗಳು ಬೆಂಗಳೂರಿನ ಕಡೆ ಮುಖ ಮಾಡಿದವು. ಕರ್ನಾಟಕ ಕಾರ್ಖಾನೆಗಳ ನಿಯಮಗಳು 1969ರಲ್ಲಿ ರೂಪುಗೊಂಡವು. 1984ರ ಭೋಪಾಲ ದುರಂತದ ತರುವಾಯ 1987ರಲ್ಲಿ ಮೂಲ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಸೇರಿತು.

ಇಲಾಖೆಯು ಸಚಿವಾಲಯದ ಮಟ್ಟದಲ್ಲಿ ಕಾರ್ಮಿಕ ಇಲಾಖೆಯ ಅಧೀನದಲ್ಲಿದ್ದರೂ ಕ್ಷೇತ್ರದಲ್ಲಿ ಅದರ ಅಧಿಕಾರಿಗಳೇ ಬೇರೆ. ಕನಿಷ್ಠ ವೇತನ, ಬೋನಸ್ಸು, ಉಪದಾನ ಮೊದಲಾದವು ಕಾರ್ಮಿಕ ಅಧಿಕಾರಿ ಮತ್ತು ಕಾರ್ಮಿಕ ನಿರೀಕ್ಷಕರ ವಿಷಯ. ಯಂತ್ರಕ್ಕೆ ತಡೆಬೇಲಿ ಇದೆಯೇ, ಕಾಕಂಬಿ ತೊಟ್ಟಿಗೆ ಇಳಿಯುವವನ ಸೊಂಟಕ್ಕೆ ಪಟ್ಟಿ, ಹಗ್ಗ ಇವೆಯೇ, ಒಳಗಿನ ಗಾಳಿಯನ್ನು ಪರೀಕ್ಷಿಸಲಾಗಿದೆಯೇ ಎಂಬುದು ಕಾರ್ಖಾನೆ ಇಲಾಖೆಯ ವಿಷಯ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿರ್ದೇಶಕರು ಇಲಾಖೆಯ ಮುಖ್ಯಸ್ಥರಾಗಿದ್ದು, ಅವರ ಕೆಳಗೆ ಜಂಟಿ, ಉಪ ಮತ್ತು ಸಹಾಯಕ ನಿರ್ದೇಶಕರ ಶ್ರೇಣಿಗಳಿವೆ. ಈ ತಾಲ್ಲೂಕುಗಳಿಗೆ ಹತ್ತಿರದ ಕಚೇರಿ ಬೆಳಗಾವಿಯದು. ಬಾಯ್ಲರುಗಳಿಗೆ 1923ರ ಬಾಯ್ಲರುಗಳ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಬಂದ ಹೊಸ ಕಾಯ್ದೆ ಅನ್ವಯಿಸುತ್ತದೆ. ಇವರಲ್ಲದೆ, 1948ರ ಕಾಯ್ದೆಯು ಪ್ರತಿ ಜಿಲ್ಲಾ ದಂಡಾಧಿಕಾರಿಯನ್ನೂ ತನ್ನ ಜಿಲ್ಲೆಯ ಮಟ್ಟಿಗೆ ಕಾರ್ಖಾನೆ ನಿರೀಕ್ಷಕರೆಂದೇ ಪರಿಗಣಿಸಿತ್ತು. ಹೆಚ್ಚಿನವರಿಗೆ ತಿಳಿಯದೆ ಉಳಿದ ಸಂಗತಿಯಿದು.

ಇಂಥ ನಿರೀಕ್ಷಕರು ಯಾರ ಹಂಗಿನಲ್ಲೂ ಇರಬಾರದೆಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1947ರ 81ನೆಯ ಒಡಂಬಡಿಕೆಯ ತಿರುಳು. ಭಾರತ ಅದನ್ನು 1949ರಲ್ಲಿ ಅನುಮೋದಿಸಿದೆ. ಅವರು ಸೇವಾಭದ್ರತೆಯುಳ್ಳ ಸರ್ಕಾರಿ ನೌಕರರಾಗಿರಬೇಕು, ಸರ್ಕಾರ ಬದಲಾದರೂ ಹೊರಗಿನ ಒತ್ತಡ ಬಂದರೂ ಅಲುಗದಂತಿರಬೇಕು, ಮುನ್ಸೂಚನೆಯಿಲ್ಲದೆ ಒಳಹೋಗುವ ಅಧಿಕಾರವಿರಬೇಕು, ಕಚೇರಿ ಮತ್ತು ವಾಹನ ಸೌಕರ್ಯವಿರಬೇಕು ಎಂದು ಅದು ಹೇಳುತ್ತದೆ. ಕೊನೆಯ ಮಾತು ಸಣ್ಣದೆನಿಸಬಹುದು. ಆದರೆ ಬೆಳಗಾವಿಯಿಂದ ಕಾಗವಾಡದವರೆಗಿನ ದಾರಿಯನ್ನು ಬಲ್ಲವರಿಗೆ ನಿರೀಕ್ಷಣೆಯಲ್ಲಿ ವಾಹನ ಮತ್ತು ಇಂಧನದ ಪಾತ್ರವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಣದ ವಿಚಾರದಲ್ಲಿ ತಪ್ಪುಕಲ್ಪನೆ ಇನ್ನೂ ಹೆಚ್ಚು. ಕಾರ್ಖಾನೆಗಳು ಪರವಾನಗಿ ಶುಲ್ಕ ಕಟ್ಟುತ್ತವೆ. ಕಾರ್ಮಿಕರ ಸಂಖ್ಯೆ ಹಾಗೂ ಯಂತ್ರಗಳ ಅಶ್ವಶಕ್ತಿಗೆ ಅನುಗುಣವಾಗಿ ಅದು ಏರುತ್ತದೆ. ಬಾಯ್ಲರ್ ಪರೀಕ್ಷೆಗೆ ಬೇರೆ ಶುಲ್ಕವಿದೆ. ಈ ಹಣದಿಂದಲೇ ಇಲಾಖೆ ನಡೆಯುತ್ತದೆ, ಅಂದಮೇಲೆ ಇಲಾಖೆ ಕಾರ್ಖಾನೆಗಳ ಪರವಾಗಿಯೇ ಇರುತ್ತದೆ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಸಂವಿಧಾನದ 266ನೆಯ ಅನುಚ್ಛೇದದಂತೆ ಶುಲ್ಕವೆಲ್ಲವೂ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಜಮೆಯ ಕಡೆ 0230 ಎಂಬ ಪ್ರಧಾನ ಲೆಕ್ಕ ಶೀರ್ಷಿಕೆಯಡಿ ಉಗಿ ಬಾಯ್ಲರ್ ತಪಾಸಣೆಯ ಶುಲ್ಕಕ್ಕೆ 103, ಕಾರ್ಖಾನೆ ಕಾಯ್ದೆಯ ಶುಲ್ಕಕ್ಕೆ 104 ಎಂಬ ಕಿರು ಶೀರ್ಷಿಕೆಗಳಿವೆ. ಖರ್ಚಿನ ಕಡೆ 2230 ಎಂಬ ಪ್ರಧಾನ ಶೀರ್ಷಿಕೆಯೊಳಗೆ ಕೆಲಸದ ಪರಿಸ್ಥಿತಿ ಮತ್ತು ಸುರಕ್ಷತೆಗೆಂದು ಪ್ರತ್ಯೇಕ ಸ್ಥಾನವಿದೆ. ಒಂದರಲ್ಲಿ ಬಂದದ್ದು ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ. ನಡುವೆ ವಿಧಾನಮಂಡಲ ನಿಂತಿದೆ: ಬೇಡಿಕೆ ಮಂಡನೆಯಾಗಿ, ಅಂಗೀಕಾರವಾಗಿ, ಧನವಿನಿಯೋಗ ವಿಧೇಯಕ ಜಾರಿಯಾದ ನಂತರವೇ ಖಜಾನೆಯಿಂದ ಒಂದು ರೂಪಾಯಿ ಹೊರಬೀಳುತ್ತದೆ.

ಈ ಏರ್ಪಾಟಿನಲ್ಲಿ ಒಂದು ಗುಣವಿದೆ, ಒಂದು ಕೊರತೆಯೂ ಇದೆ. ನಿರೀಕ್ಷಕನ ಸಂಬಳ ತಾನು ಪರಿಶೀಲಿಸುವ ಕಾರ್ಖಾನೆಯ ಶುಲ್ಕವನ್ನು ಅವಲಂಬಿಸಿಲ್ಲ. ಒಂದು ಕಾರ್ಖಾನೆಗೆ ಬೀಗ ಹಾಕಿಸಿದರೂ ಅವನ ವೇತನ ನಿಲ್ಲುವುದಿಲ್ಲ. ಇದು ಗುಣ. ಆದರೆ ಒಂದು ತಾಲ್ಲೂಕಿನಲ್ಲಿ ಹೊಸದಾಗಿ ಎರಡು ಕಾರ್ಖಾನೆಗಳು ತಲೆಯೆತ್ತಿದವೆಂದು, ಡಿಸ್ಟಿಲರಿ ಮತ್ತು ಸಹವಿದ್ಯುತ್ ಘಟಕಗಳು ಸೇರಿಕೊಂಡವೆಂದು ನಿರೀಕ್ಷಕರ ಹುದ್ದೆಗಳು ಹೆಚ್ಚುವುದಿಲ್ಲ. ಹುದ್ದೆ ಮಂಜೂರಾತಿಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಶುಲ್ಕದ ಜಮೆ ಏರಿದ್ದು ಅಲ್ಲಿ ವಾದವಾಗಬಹುದೇ ಹೊರತು ಹಕ್ಕಾಗುವುದಿಲ್ಲ. ಬ್ರಿಟನ್ನಿನಲ್ಲಿ 2012ರ ಅಕ್ಟೋಬರಿನಿಂದ ಬೇರೊಂದು ಪದ್ಧತಿಯಿದೆ: ಕಾನೂನಿನ ಗಂಭೀರ ಉಲ್ಲಂಘನೆ ಕಂಡುಬಂದರೆ ನಿರೀಕ್ಷಕರು ಅದಕ್ಕಾಗಿ ವ್ಯಯಿಸಿದ ಸಮಯದ ವೆಚ್ಚವನ್ನು ಉಲ್ಲಂಘಿಸಿದ ಸಂಸ್ಥೆಯಿಂದಲೇ ವಸೂಲು ಮಾಡಲಾಗುತ್ತದೆ. ಅದಕ್ಕೂ ಅಲ್ಲಿ ಟೀಕೆಗಳಿವೆ. ತಪ್ಪು ಹುಡುಕಿದಷ್ಟೂ ಆದಾಯ ಬರುವ ನಿರೀಕ್ಷಕನ ಮೇಲೆ ಬೇರೆ ಬಗೆಯ ಸಂಶಯ ಹುಟ್ಟುತ್ತದೆ.

ಜಿಲ್ಲಾ ಪಂಚಾಯತಿಗೆ ಇದರಿಂದ ತಿಳಿಯಬೇಕಾದದ್ದಿಷ್ಟು. ಈ ಇಲಾಖೆ ರಾಜ್ಯ ವಲಯದ್ದು. ಅದರ ಅನುದಾನ ಜಿಲ್ಲಾ ಪಂಚಾಯತಿಯ ಲಿಂಕ್ ದಾಖಲೆಯಲ್ಲಿ ಬರುವುದಿಲ್ಲ. ಸಾಮಾನ್ಯ ಸಭೆಯಲ್ಲಿ ಶಿಕ್ಷಣ ಅಥವಾ ಪಶುಸಂಗೋಪನೆಯ ಪ್ರಗತಿಯನ್ನು ಕೇಳಿದಂತೆ ಕಾರ್ಖಾನೆ ನಿರೀಕ್ಷಣೆಯ ಗುರಿ ನಿಗದಿಪಡಿಸಲು ಪಂಚಾಯತಿಗೆ ಬರುವುದಿಲ್ಲ. ಮಾಹಿತಿ ಕೇಳಬಹುದು, ಗಮನ ಸೆಳೆಯಬಹುದು.

ಇನ್ನು, ಸುರಕ್ಷತೆಯ ಹೆಸರಿನಲ್ಲಿ ಸಂಗ್ರಹವಾಗುವುದೆಂದು ಜನ ಭಾವಿಸುವ ಬೇರೆ ಹಣಗಳಿವೆ. ಪಂಚಾಯತಿಗೆ ಅತ್ಯಂತ ಪರಿಚಿತವಾದುದು ಕಟ್ಟಡ ಕಾಮಗಾರಿಗಳ ಬಿಲ್ಲಿನಲ್ಲಿ ಕಡಿತವಾಗುವ ಶೇಕಡಾ 1ರ ಕರ. ಅದು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಿ, ನೋಂದಾಯಿತ ನಿರ್ಮಾಣ ಕಾರ್ಮಿಕರ ಸೌಲಭ್ಯಗಳಿಗೆ ಬಳಕೆಯಾಗುತ್ತದೆ. ಸಕ್ಕರೆ ಕಾರ್ಖಾನೆಯ ಕಾಯಂ ಫಿಟ್ಟರನಿಗೆ ಅದರಲ್ಲಿ ಪಾಲಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರ ಕಾಯ್ದೆಯಂತೆ ಬೀಡಿಯ ಮೇಲಿನ ಕರ ಆಧಾರವಾಗಿತ್ತು. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಆ ಕರವೇ ರದ್ದಾಯಿತು.

ಇಎಸ್‌ಐ ವಿಷಯ ಈ ಭಾಗಕ್ಕೆ ವಿಶೇಷವಾದುದು. ಮಾಲೀಕರಿಂದ ಶೇಕಡಾ 3.25, ಕಾರ್ಮಿಕರಿಂದ ಶೇಕಡಾ 0.75 ವಂತಿಗೆ ಪಡೆದು ಚಿಕಿತ್ಸೆ ಮತ್ತು ಅವಲಂಬಿತರ ಪಿಂಚಣಿ ನೀಡುವ ಆ ಯೋಜನೆಯಿಂದ ಹಂಗಾಮಿ ಕಾರ್ಖಾನೆಗಳು ಹೊರಗಿವೆ. 1948ರ ಇಎಸ್‌ಐ ಕಾಯ್ದೆಯ ವ್ಯಾಖ್ಯೆಯಂತೆ ಸಕ್ಕರೆ ಅಥವಾ ಬೆಲ್ಲದ ತಯಾರಿಕೆಯಲ್ಲಷ್ಟೇ ತೊಡಗಿದ ಕಾರ್ಖಾನೆ ಹಂಗಾಮಿಯೇ. ಆದ್ದರಿಂದ ಕೃಷ್ಣೆ, ದೂಧಗಂಗೆಯ ದಡದ ಕಬ್ಬಿನ ನಾಡಿನಲ್ಲಿ ಗಾಯಗೊಂಡ ಅನೇಕರಿಗೆ ಇಎಸ್‌ಐ ಬಾಗಿಲು ಮೊದಲಿನಿಂದಲೂ ಮುಚ್ಚಿದೆ. ಅವರಿಗಿರುವುದು ಮಾಲೀಕನೇ ಪರಿಹಾರ ಕೊಡಬೇಕೆನ್ನುವ ಕಾನೂನು. ಹಿಂದೆ 1923ರ ನೌಕರರ ಪರಿಹಾರ ಕಾಯ್ದೆ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ. ಕಾರ್ಖಾನೆ ಇಲಾಖೆಯ ಬಳಿ ಪರಿಹಾರದ ನಿಧಿಯಿಲ್ಲ. ಆದರೆ ಅವಘಡ ಹೇಗಾಯಿತೆಂದು ಅದು ಬರೆದ ತನಿಖಾ ವರದಿ ಪರಿಹಾರದ ಪ್ರಕರಣದಲ್ಲಿ ಬೆಲೆಯುಳ್ಳ ದಾಖಲೆಯಾಗಬಲ್ಲುದು. ಈ ಕಾರಣಕ್ಕಾದರೂ ಅವಘಡದ ಸುದ್ದಿ ಇಲಾಖೆಗೆ ಮುಟ್ಟಲೇಬೇಕು.

ಮುಟ್ಟದಿರುವುದಕ್ಕೆ ಒಂದು ಕಾರಣ ಕಾನೂನಿನ ಎಲ್ಲೆಯೇ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕಾರ್ಮಿಕರಿದ್ದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಈ ಸಂಖ್ಯೆ ಕ್ರಮವಾಗಿ 20 ಮತ್ತು 40 ಆಗಿದೆ. 10 ಮಂದಿಯಿರುವ ಸಂಸ್ಥೆಗೂ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ ಎಂಬುದು ನಿಜ. ಕಾರ್ಖಾನೆ ಎಂಬ ಪಟ್ಟ ಮಾತ್ರ ತಪ್ಪುತ್ತದೆ. ಇಚಲಕರಂಜಿಗೆ ಹೊಂದಿಕೊಂಡ ಗಡಿ ಗ್ರಾಮಗಳ ವಿದ್ಯುತ್ ಮಗ್ಗದ ಶೆಡ್ಡುಗಳು, ಬೆಲ್ಲದ ಗಾಣಗಳು, ಅಥಣಿಯ ಕಡೆಯ ಚಪ್ಪಲಿ ತಯಾರಿಸುವ ಮನೆಗಳು ಬಹುಮಟ್ಟಿಗೆ ಈ ಗೆರೆಯ ಆಸುಪಾಸಿನಲ್ಲೋ ಕೆಳಗೋ ಇವೆ. ಗಾಣಕ್ಕೆ ಸಿಕ್ಕ ಕೈಗೆ ಅಲ್ಲಿ ಎಷ್ಟು ಜನರಿದ್ದರೆಂಬ ಲೆಕ್ಕ ಗೊತ್ತಿರುವುದಿಲ್ಲ.

ಗೆರೆಯ ಮೇಲಿರುವವರಿಗೂ ರಕ್ಷಣೆ ತಾನಾಗಿ ಬರಲಿಲ್ಲವೆಂಬುದಕ್ಕೆ ನಿಪ್ಪಾಣಿಯೇ ಸಾಕ್ಷಿ. ಅಲ್ಲಿಯ ತಂಬಾಕು ವಖಾರಗಳಲ್ಲಿ ಹೊಗೆಸೊಪ್ಪಿನ ಧೂಳಿನ ನಡುವೆ ದುಡಿಯುತ್ತಿದ್ದ ಮಹಿಳೆಯರು 1980ರ ಸುಮಾರಿಗೆ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಡಿ ಸಂಘಟಿತರಾಗಿ ಹೋರಾಡಿದರು. ಯುಗಾಂತರ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಅವರ ಕುರಿತು ಸಾಕ್ಷ್ಯಚಿತ್ರ ತಯಾರಿಸಿತು. ಕಾರ್ಖಾನೆ ಕಾಯ್ದೆ ಬಂದು ಆಗಲೇ ಮೂರು ದಶಕಗಳಾಗಿದ್ದವು.

ಗ್ರಾಮ ಪಂಚಾಯತಿಯ ಪಾತ್ರ ಪರಿಮಿತ, ಆದರೆ ಇಲ್ಲವೆನ್ನುವಂತಿಲ್ಲ. ಪಂಚಾಯತಿ ನೀಡುವ ಅನುಮತಿ ಕಾರ್ಖಾನೆ ಪರವಾನಗಿಗೆ ಬದಲಿಯಲ್ಲ. ಅನುಮತಿಯ ಅರ್ಜಿ ಬಂದಾಗ ನೇಮಿಸಿಕೊಳ್ಳುವ ಜನರ ಸಂಖ್ಯೆಯನ್ನೂ ಬಾಯ್ಲರ್ ಇದೆಯೇ ಎಂಬುದನ್ನೂ ಕೇಳಿ ಬರೆದಿಟ್ಟುಕೊಂಡು ಬೆಳಗಾವಿ ಕಚೇರಿಗೆ ಒಂದು ಪ್ರತಿ ಕಳಿಸಲು ಹೆಚ್ಚಿನ ಅನುದಾನವೇನೂ ಬೇಕಿಲ್ಲ. ಸಾವು ಸಂಭವಿಸಿದಾಗ ಸೂಚನೆ ಕೊಡುವ ಹೊಣೆ ಕಾರ್ಖಾನೆಯದೇ. 1948ರ ಕಾಯ್ದೆ ಅಂಥ ಪ್ರಕರಣದ ವಿಚಾರಣೆಗೆ ಒಂದು ತಿಂಗಳ ಗಡುವು ಹಾಕಿತ್ತು. ಹಾಗೆಂದು ಪಂಚಾಯತಿ ಅಥವಾ ಸಹೋದ್ಯೋಗಿ ತಿಳಿಸಬಾರದೆಂದಿಲ್ಲ. ದೂರು ಕೊಟ್ಟವರ ಹೆಸರನ್ನು ನಿರೀಕ್ಷಕರು ಗುಟ್ಟಾಗಿಡಬೇಕೆಂದು ಆ ಕಾಯ್ದೆಯೂ ಮೇಲೆ ಹೇಳಿದ ಒಡಂಬಡಿಕೆಯೂ ವಿಧಿಸಿವೆ. ಕೆಲಸ ಹೋದೀತೆಂಬ ಭಯದಿಂದ ಬಾಯಿ ಕಟ್ಟಿಕೊಂಡಿರುವವರಿಗೆ ಇದನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಉಪಯುಕ್ತ.

ಗಡಿಯ ಊರುಗಳವರು ಇನ್ನೊಂದು ಅಂಶವನ್ನು ಗಮನದಲ್ಲಿಡಬೇಕು. ಅಧಿಕಾರ ವ್ಯಾಪ್ತಿ ಕಾರ್ಮಿಕನ ಊರನ್ನು ನೋಡುವುದಿಲ್ಲ, ಕಾರ್ಖಾನೆ ಇರುವ ಸ್ಥಳವನ್ನು ನೋಡುತ್ತದೆ. ನಿಪ್ಪಾಣಿಯಿಂದ ದಿನವೂ ಕಾಗಲ್ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವವನಿಗೆ ಅಲ್ಲಿ ಅವಘಡವಾದರೆ ದೂರು ಹೋಗಬೇಕಾದದ್ದು ಬೆಳಗಾವಿಗಲ್ಲ, ಮಹಾರಾಷ್ಟ್ರದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಚಾಲನಾಲಯದ ಕೊಲ್ಹಾಪುರ ಕಚೇರಿಗೆ. ಆ ಕಡೆಯಿಂದ ಕಾಗವಾಡ ತಾಲ್ಲೂಕಿನ ಕಾರ್ಖಾನೆಗೆ ಬಂದು ದುಡಿಯುವವನಿಗೆ ಬೆಳಗಾವಿ ಕಚೇರಿಯೇ ಸರಿ.