ಮುಖದ ನೋವು ಮತ್ತು ಪಾಳಿ ಬದಲಿಸಿದ ಜೀನ್‌ಗಳು

ಹಲ್ಲುಜ್ಜುವಾಗ, ತುತ್ತು ಅಗಿಯುವಾಗ ಅಥವಾ ಕೆನ್ನೆಗೆ ತಂಗಾಳಿ ಸೋಕಿದಾಗ ಮುಖದ ಒಂದೇ ಪಕ್ಕದಲ್ಲಿ ವಿದ್ಯುತ್ ಹೊಡೆದಂತೆ ಎದ್ದು, ಕೆಲವು ಸೆಕೆಂಡುಗಳಿಂದ ಎರಡು ನಿಮಿಷಗಳವರೆಗೆ ಇದ್ದು ಮಾಯವಾಗಿ ಮತ್ತೆ ಮರುಕಳಿಸುವ ನೋವನ್ನು ವೈದ್ಯರು ಟ್ರೈಜೆಮಿನಲ್ ನ್ಯೂರಾಲ್ಜಿಯ ಎನ್ನುತ್ತಾರೆ. ಹಣೆ, ಕೆನ್ನೆ ಮತ್ತು ದವಡೆಗೆ ಮೂರು ಕವಲುಗಳಾಗಿ ಹರಡಿ ಸ್ಪರ್ಶ ಹಾಗೂ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ಐದನೆಯ ಕಪಾಲನರವೇ ಟ್ರೈಜೆಮಿನಲ್ ನರ. ಐವತ್ತು ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಈ ನೋವು ಹೆಚ್ಚು. ಹಲ್ಲುನೋವೆಂದೇ ತಿಳಿದು ಗಟ್ಟಿಯಾಗಿದ್ದ ಹಲ್ಲುಗಳನ್ನೂ ಕೀಳಿಸಿಕೊಂಡ ರೋಗಿಗಳೂ ಇದ್ದಾರೆ.

ಮಿದುಳಿನ ಕಾಂಡದ ಬಳಿ ನರದ ಬುಡವನ್ನು ರಕ್ತನಾಳವೊಂದು ಸದಾ ಒತ್ತುತ್ತಿದ್ದರೆ, ನರತಂತುಗಳ ಹೊರಕವಚವಾದ ಮೈಲಿನ್ ಸವೆದು ಸಂಕೇತಗಳು ಅಡ್ಡಾದಿಡ್ಡಿ ಹರಿಯುತ್ತವೆಂಬುದು ಬಹುಕಾಲದ ವಿವರಣೆ. ಆದರೆ ರಕ್ತನಾಳ ತಾಗಿದ್ದರೂ ನೋವಿಲ್ಲದವರೂ, ತಾಗದಿದ್ದರೂ ನರಳುವವರೂ ಇರುವುದರಿಂದ, ಹುಡುಕಾಟ ನರಕೋಶದ ಒಳಕ್ಕೆ ಇಳಿಯಬೇಕಾಯಿತು.

ದೇಹದ ಬಹುಪಾಲು ಕೋಶಗಳಲ್ಲಿ ಜೀನ್‌ಗಳು, ಅಂದರೆ ವಂಶವಾಹಿಗಳು, ಒಂದೇ ಬಗೆಯವು. ಯಾವ ಜೀನ್‌ನಿಂದ ಎಷ್ಟು ಪ್ರೋಟೀನು ತಯಾರಾಗಬೇಕೆಂಬ ಏರಿಳಿತಕ್ಕೆ ಜೀನ್ ಅಭಿವ್ಯಕ್ತಿ ಎಂದು ಹೆಸರು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ನಕ್ಷೆ ಅದೇ ಇದ್ದರೂ ಪಾಳಿಯಿಂದ ಪಾಳಿಗೆ ಕೆಲಸದ ಸುರಂಗ ಬೇರೆಯಾಗುತ್ತಿದ್ದಂತೆ, ಗಾಯಗೊಂಡ ನರಕೋಶವೂ ತಾನು ಕೆಲಸಕ್ಕಿಳಿಸುವ ಜೀನ್‌ಗಳನ್ನು ಬದಲಿಸುತ್ತದೆ. ಇಲಿಗಳ ಮುಖದ ನರಕ್ಕೆ ದಾರ ಬಿಗಿದು ನಡೆಸಿದ ಪ್ರಯೋಗಗಳಲ್ಲಿ, ಪೆಟ್ಟಿನ ಗುರುತೆನಿಸಿದ ಎಟಿಎಫ್3 ಜೀನ್ ಚುರುಕಾಗುತ್ತದೆ. ನರವನ್ನು ಶಾಂತಗೊಳಿಸುವ ಪೊಟ್ಯಾಸಿಯಂ ವಾಹಿನಿಗಳ ಜೀನ್‌ಗಳಲ್ಲಿ ಹಲವು ತಣ್ಣಗಾಗುತ್ತವೆ. ನರಕೋಶಗಳನ್ನು ಸುತ್ತುವರಿದ ಉಪಕೋಶಗಳು ಉರಿಯೂತದ ರಾಸಾಯನಿಕಗಳನ್ನು ಸ್ರವಿಸಿ ಕಿಡಿಗೆ ಗಾಳಿ ಹಾಕುತ್ತವೆ. ಭ್ರೂಣದಲ್ಲಿ ಹೇರಳವಾಗಿದ್ದು ವಯಸ್ಕರ ನರಗಳಲ್ಲಿ ಬಹುತೇಕ ಮೌನವಾಗಿರುವ ಎನ್‌ಎವಿ 1.3 ಎಂಬ ಸೋಡಿಯಂ ವಾಹಿನಿ, ಅಂದರೆ ಕೋಶದೊಳಗೆ ಸೋಡಿಯಂ ಬಿಟ್ಟು ಸಂಕೇತ ಹೊತ್ತಿಸುವ ಬಾಗಿಲು, ಗಾಯದ ನಂತರ ಮರಳಿ ಕಾಣಿಸಿಕೊಳ್ಳುವುದಂತೂ ಇನ್ನಷ್ಟು ಕುತೂಹಲಕರ. ಟ್ರೈಜೆಮಿನಲ್ ನ್ಯೂರಾಲ್ಜಿಯ ರೋಗಿಗಳ ಅಂಗಾಂಶದಲ್ಲಿಯೂ ಅದರ ಪ್ರಮಾಣ ಹೆಚ್ಚಿರುವುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೂ ಇಲಿಯ ಲೆಕ್ಕವನ್ನು ಮನುಷ್ಯನಿಗೆ ನೇರವಾಗಿ ಹಚ್ಚಲಾಗದು, ಏಕೆಂದರೆ ಕಪಾಲದ ತಳದಲ್ಲಿರುವ ಟ್ರೈಜೆಮಿನಲ್ ನರಗ್ರಂಥಿಯನ್ನು, ಅಂದರೆ ಆ ನರದ ಕೋಶಗಳ ಗುಚ್ಛವನ್ನು, ಬದುಕಿರುವ ರೋಗಿಯಿಂದ ಪರೀಕ್ಷೆಗೆಂದು ಕತ್ತರಿಸಿ ತೆಗೆಯುವಂತಿಲ್ಲ.

ಅದೇ ಕೋಲಾರದ ಗಣಿ ಪ್ರದೇಶದ ಆಂಡರ್ಸನ್‌ಪೇಟೆಯ ರೋಗಿ ಮಾರಿಕುಪ್ಪಂನಲ್ಲಿ ರೈಲು ಹತ್ತಿ, 1974ರಲ್ಲಿ ರೂಪುಗೊಂಡ ಬೆಂಗಳೂರಿನ ನರರೋಗ ಸಂಸ್ಥೆ ನಿಮ್ಹಾನ್ಸ್‌ಗೆ ಹೋದರೂ ಮೊದಲು ಬರೆದುಕೊಡುವ ಮಾತ್ರೆ ಸಾಮಾನ್ಯವಾಗಿ ಕಾರ್ಬಮಜೆಪಿನ್. 1960ರ ದಶಕದಿಂದ ಬಳಕೆಯಲ್ಲಿರುವ ಅದು ಇದೇ ಸೋಡಿಯಂ ಬಾಗಿಲುಗಳನ್ನು ತಡೆಯುತ್ತದೆ. ಮದ್ದು ಮೊದಲು ದೊರೆತು ಅದರ ಕಾರಣ ಆಮೇಲೆ ತಿಳಿದ ಪ್ರಸಂಗವಿದು. ಮಾತ್ರೆ ಸಾಲದಾದಾಗ ಶಸ್ತ್ರಚಿಕಿತ್ಸಕರು ರಕ್ತನಾಳ ಮತ್ತು ನರದ ನಡುವೆ ಪುಟ್ಟ ಮೆತ್ತೆಯನ್ನಿಟ್ಟು ಒತ್ತಡ ತಪ್ಪಿಸುತ್ತಾರೆ.

ಎಚ್‌ಎಲ್‌ಎ-ಬಿ 1502 ಎಂಬ ಜೀನ್ ರೂಪ ಹುಟ್ಟಿನಿಂದಲೇ ಇರುವ ಕೆಲವರಿಗೆ ಕಾರ್ಬಮಜೆಪಿನ್ ಮಾತ್ರೆ ಚರ್ಮ ಸುಲಿಯುವಷ್ಟು ಅಪಾಯ ತರಬಲ್ಲದು. ಇದು ನರದಲ್ಲಿ ಆಮೇಲೆ ಆಗುವ ಬದಲಾವಣೆಯಲ್ಲ, ಪಿತ್ರಾರ್ಜಿತವಾದದ್ದು. ಆದ್ದರಿಂದ ಮದ್ದು ಆರಂಭಿಸುವ ಮುನ್ನವೇ ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು. ಮಾತ್ರೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಜ್ವರದೊಡನೆ ದದ್ದು ಅಥವಾ ಬಾಯಿಹುಣ್ಣು ಕಾಣಿಸಿಕೊಂಡರೆ, ಮುಂದಿನ ಬೆಂಗಳೂರು ಭೇಟಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಬೇಕು.