ಲಂಟಾನ ಎಲೆಯ ರಸ ಗಾಯಕ್ಕೆ ಮದ್ದೇ?

ಬೇಲಿ ಸಾಲು, ಖಾಲಿ ನಿವೇಶನ, ಕಾಡಿನ ಅಂಚು ಎಂಬ ಭೇದವಿಲ್ಲದೆ ಹಬ್ಬಿರುವ ಲಂಟಾನವನ್ನು ನೋಡದವರಿಲ್ಲ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕೆಂದು ಭಾರತಕ್ಕೆ ತಂದರು. ಇಂದು ಅದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನೂ ಆವರಿಸಿದೆ.

ಕುಡುಗೋಲು ತಾಗಿ ಕೈ ಕುಯ್ದುಕೊಂಡಾಗ ಇದರ ಎಲೆ ಅರೆದು ಗಾಯಕ್ಕೆ ಮೆತ್ತುವವರಿದ್ದಾರೆ. ‘ಇದಕ್ಕೆ ರೋಗಾಣು ಕೊಲ್ಲುವ ಗುಣ ಇದೆಯಂತಲ್ಲ ಡಾಕ್ಟ್ರೇ?’ ಎಂಬುದು ಅವರ ಪ್ರಶ್ನೆ.

ಗುಣ ಇರುವುದು ನಿಜ. ಎಲೆಯನ್ನು ಉಜ್ಜಿದಾಗ ಮೂಗಿಗೆ ಬಡಿಯುವ ಘಾಟು ಅದರಲ್ಲಿರುವ ಸುಗಂಧ ತೈಲದ್ದು. ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಈ ತೈಲವನ್ನು ತೆಗೆಯುತ್ತಾರೆ. ಅದರಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿಟ್ಟರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕೀವು ಉಂಟುಮಾಡುವ ಸ್ಟೆಫೈಲೊಕಾಕಸ್‌ನಂಥವು ಇದಕ್ಕೆ ಬಗ್ಗುವುದುಂಟು. ಎರಡು ಪದರದ ಹೊರಕವಚವುಳ್ಳ ಸ್ಯೂಡೊಮೊನಾಸ್‌ನಂಥವು ಸುಲಭಕ್ಕೆ ಜಗ್ಗುವುದಿಲ್ಲ.

ಆದರೆ ತಟ್ಟೆಯೇ ಬೇರೆ, ಗಾಯವೇ ಬೇರೆ. ಎಲೆಯಲ್ಲಿ ತೈಲದ ಪ್ರಮಾಣ ಶೇ. 1ಕ್ಕಿಂತಲೂ ಕಡಿಮೆ, ಮಣ್ಣು, ಋತು, ತಳಿಗೆ ತಕ್ಕಂತೆ ಅದೂ ಬದಲಾಗುತ್ತದೆ. ಬೇಲಿಯ ಎಲೆಯ ಮೇಲೆ ಧೂಳು, ಮಣ್ಣು ಇರುತ್ತದೆ. ಧನುರ್ವಾಯುವಿನ ರೋಗಾಣುಗಳ ವಾಸವೂ ಮಣ್ಣಿನಲ್ಲೇ. ಸೊಪ್ಪು ಮೆತ್ತಿ ಬಿಗಿಯಾಗಿ ಬಟ್ಟೆ ಸುತ್ತಿದರೆ ಆ ರೋಗಾಣುವನ್ನು ನಾವೇ ಗಾಯದೊಳಗೆ ಕೂಡಿಹಾಕಿದಂತೆ.

ಈ ಗಿಡದಲ್ಲಿ ಲ್ಯಾಂಟಡೀನ್ ಎಂಬ ವಿಷವೂ ಇದೆ. ಮೇವಿಲ್ಲದಾಗ ಇದನ್ನು ತಿಂದ ದನಕುರಿಗಳ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ. ಬಿಸಿಲು ತಾಗಿದ ಚರ್ಮ ಸುಲಿಯುತ್ತದೆ. ಆದ್ದರಿಂದ ಕಷಾಯ ಮಾಡಿ ಕುಡಿಯುವುದಂತೂ ಬೇಡವೇ ಬೇಡ. ಮಕ್ಕಳು ಹಸಿರು ಕಾಯಿ ತಿಂದು ವಾಂತಿ ಮಾಡಿಕೊಂಡರೆ ಉಪ್ಪುನೀರು ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಕರೆತನ್ನಿ.

ಗಾಯವಾದಾಗ ಮಾಡಬೇಕಾದದ್ದು ಇಷ್ಟು:

* ಹರಿಯುವ ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ತೊಳೆಯಿರಿ.
* ರಕ್ತ ನಿಲ್ಲುವವರೆಗೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.
* ಗಾಯಕ್ಕೆ ಮಣ್ಣು, ಸಗಣಿ ತಾಗಿದ್ದು, ಹಿಂದಿನ ಧನುರ್ವಾಯು ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಅಥವಾ ನೆನಪೇ ಇಲ್ಲದಿದ್ದರೆ, ಅಂದೇ ವೈದ್ಯರನ್ನು ಕಾಣಿ.
* ಊತ, ಕೀವು, ಜ್ವರ ಬಂದರೆ ತಡಮಾಡಬೇಡಿ.

ಸಕ್ಕರೆ ಕಾಯಿಲೆಯವರಿಗೆ ಒಂದು ವಿಶೇಷ ಮಾತು. ನಿಮ್ಮ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರಬಹುದು. ಸೊಪ್ಪಿನ ಪಟ್ಟಿಯಡಿ ಗಾಯ ಕೊಳೆಯುತ್ತಿದ್ದರೂ ನೋವು ತಿಳಿಯದು. ತಿಳಿಯುವ ಹೊತ್ತಿಗೆ ಬೆರಳನ್ನೇ ತೆಗೆಯಬೇಕಾದೀತು. ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ವೈದ್ಯರಿಗೆ ತೋರಿಸಿ.

ಲಂಟಾನದ ತೈಲದಿಂದ ಮುಂದೊಂದು ದಿನ ಔಷಧಿ ಬರಬಹುದು. ಅಲ್ಲಿಯವರೆಗೆ ಸೊಪ್ಪು ಬೇಲಿಯಲ್ಲೇ ಇರಲಿ.